ಎರಡನೇ ಭಾಗದಾಗ ನಾನು ದ್ರೋಹಿ ಆದದ್ದು

ಕೆಲವರ ಮನಿಗೆ ಹಾವು ಬರ್ತಾವ, ಕೆಲವರ ಮನಿಗೆ ಮಂಗ್ಯಾ ಬರ್ತಾವ, ನಮ್ಮ ಮನಿಗೆ ಮಲಯಾಳಂ ಸಿನಿಮಾದವ್ರು ಬಂದ್ರು. ನಾ ಏನು ಕರದಿದ್ದಿಲ್ಲ. ನನ್ನ ನಸೀಬನ ಹಂಗೈತಿ. ನನ್ನಷ್ಟಕ್ಕ ನಾ ಗೇಟಿನ ಮುಂದ ನಿಂತಿದ್ರೂ ಏನರೆ ಒಂದು ಬಂದು ಮೈಮ್ಯಾಲ ಬೀಳತೈತಿ, ಆಮ್ಯಾಲ ನಾಕು ಮಂದಿ ಕೂಡಿ "ನೀವ್ಯಾಕ ಅಲ್ಲಿ ನಿಂತಿದ್ರಿ?" ಅಂತ ನನ್ನನ್ನ ಕೇಳ್ತಾರ.

ಮೊದಲ ಒಂದು ಮಾತು ಸಾಫ್ ಹೇಳಿಬಿಡ್ತೀನಿ. ನಾ ಗದಗ ಕಡ್ಯಾಂವ. ಏರ್‌ಫೋರ್ಸಿನಾಗ ಸಾರ್ಜೆಂಟ್ ಇದ್ದೆ. ಕಡೀ ಪೋಸ್ಟಿಂಗ್ ನಾಗಪುರ ಬಂತು, ಇಲ್ಲೇ ಮನಿ ಮಾಡ್ಕೊಂಡು ಉಳಕೊಂಡೆ. ಈಗ ಏರ್‌ಪೋರ್ಟ್ ಬಾಜೂಕಿನ ಮಿಹಾನದಾಗ ವಿಮಾನ ರಿಪೇರಿ ಮಾಡೋ ಒಂದು ಕಂಪನ್ಯಾಗ ಕೆಲಸ. ನನ್ನ ಸರ್ವಿಸಿನಾಗ ಒಂದು ಕರೀ ಚುಕ್ಕಿ ಇಲ್ಲ. ಇದನ್ನ ಈಗ ಯಾಕ ಹೇಳಾಕತ್ತೀನಿ ಅಂದ್ರ, ಆ ಸಿನಿಮಾ ನೋಡಿದ ಮ್ಯಾಲ ಹೇಳಿದ್ರ ನೀವು ನಂಬೂದಿಲ್ಲ.

೧. ಮೀಸಿ ನೋಡಿ ಕೊಟ್ಟ ನೌಕರಿ

ನಮ್ಮ ಬಾಜೂ ಮನ್ಯಾಗ ಒಬ್ರು ಮಲಯಾಳಿ ಅದಾರ. ಖಾಪರಖೇಡಾದ ಪವರ್ ಪ್ಲಾಂಟಿನಾಗ ನೌಕರಿ ಮಾಡಿ ರಿಟೈರ್ ಆದವ್ರು. ಓಣಿ ಮಂದಿಯೆಲ್ಲ ಅವ್ರಿಗೆ ಚೇಟ್ಟನ್ ಅಂತಾರ, ಅಂದ್ರ ಅವರ ಭಾಷಾದಾಗ ಅಣ್ಣ. ನಂದೂ ಅವರದೂ ಮಾತುಕತಿ ಹಿಂದಿಯೊಳಗ, ಜಗಳಾನೂ ಹಿಂದಿಯೊಳಗ.

ಮೇ ತಿಂಗಳದಾಗ ಒಂದಿನ ನಾ ಕೂಲರ್ ಮುಂದ ಬನಿಯನ್ ಮ್ಯಾಲ ಕುಂತಿದ್ದೆ. ಚೇಟ್ಟನ್ ಬಂದ್ರು, ಹಿಂದ ದಾಡಿ ಬಿಟ್ಟಾಂವ ಒಬ್ಬ ಬಂದ. ಬಂದಾಂವ ನಮಸ್ಕಾರ ಇಲ್ಲ ಏನಿಲ್ಲ, ಸಂತ್ಯಾಗ ಎತ್ತು ನೋಡಿದಂಗ ನನ್ನ ಸುತ್ತ ಒಂದು ಸುತ್ತು ಹಾಕಿ ನೋಡಿದ.

"ಬರೋಬರ್ ಅದಾರ," ಅಂದ.

"ಯಾತಕ್ಕ ಬರೋಬರ್?" ಅಂದೆ.

ಚೇಟ್ಟನ್ ಬಿಡಿಸಿ ಹೇಳಿದ್ರು. ಈ ದಾಡಿಯಾಂವ ಸಿನಿಮಾ ಡೈರೆಕ್ಟರ್. ಮಾಡಾಕತ್ತಿದ್ದು ಪೊಲೀಸ್ ಸಿನಿಮಾ. ಕೇರಳದ ಪೊಲೀಸ್ ಆಫೀಸರ್ ಒಬ್ಬ ಸ್ಮಗ್ಲರ್‌ನ ಬೆನ್ನು ಹತ್ತಿ ದಿಲ್ಲಿಗೆ ಬರ್ತಾನ. ದಿಲ್ಲಿ ಅಂದ್ರ ಖರೇ ದಿಲ್ಲಿ ಅಲ್ಲ; ಇಲ್ಲೇ ನಾಗಪುರದ ಹೊರಗ ಹಿಂಗಣಾದಾಗ ಮುಚ್ಚಿದ ಒಂದು ಫ್ಯಾಕ್ಟರಿಗೆ ಬಣ್ಣ ಹಚ್ಚಿ ಅದಕ್ಕ ದಿಲ್ಲಿ ಪೊಲೀಸ್ ಆಫೀಸು ಅಂತ ಬೋರ್ಡ್ ಹಾಕಿದ್ರು. ಆ ಗೇಟಿನಾಗ ನಿಂದ್ರಾಕ ಉತ್ತರದ ಕಡಿ ಮುಖದ, ದೊಡ್ಡ ಮೀಸಿ ಇರೋ ಒಬ್ಬ ಕಾನ್‌ಸ್ಟೇಬಲ್ ಬೇಕಾಗಿತ್ತು.

"ನಾ ಉತ್ತರದಾಂವ ಅಲ್ಲ, ಕರ್ನಾಟಕದಾಂವ," ಅಂದೆ.

"ಕರ್ನಾಟಕದಾಗ ಎಲ್ಲೆ?"

"ಉತ್ತರ ಕರ್ನಾಟಕ."

"ಹಂಗಾದ್ರ ಆತಲ್ಲ," ಅಂದ ಡೈರೆಕ್ಟರ್.

ಮಾತಿಲ್ಲ ಕಥಿಯಿಲ್ಲ, ಹೀರೋ ಜೀಪಿನಿಂದ ಇಳಿದ ಕೂಡಲೆ ನಾ ಒಂದು ಸೆಲ್ಯೂಟ್ ಹೊಡೀಬೇಕು, ಅಷ್ಟ. ಖಾಕಿ ಅಂಗಿ ಕೊಟ್ರು. ಅದರ ಎಡಗಡಿ ಜೇಬಿನ ಗುಂಡಿ ಹರದು ಜೋತಾಡಾಕತ್ತಿತ್ತು. ನಾ ಸೂಜಿ ದಾರ ಕೇಳಿದೆ, ಯೂನಿಫಾರ್ಮ್ ಅಂದ್ರ ಯೂನಿಫಾರ್ಮ್ ಅಲ್ಲೇನ್ರಿ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವ್ರಾಗ ಅರ್ಧ ಮಂದಿ ಮುಂಜಾನಿ ನಾಷ್ಟಾಕ್ಕ ನಮ್ಮ ನಾಗಪುರದ ತರ್ರಿ ಪೋಹಾ ತಿಂದಿದ್ರು. ಅವಲಕ್ಕಿ ಮ್ಯಾಲ ಸುರಿಯೋ ಆ ಕೆಂಪು ಖಾರದ ರಸ ಅವ್ರಿಗೆ ಹೊಸದು. ಎಲ್ರೂ ಹೊಟ್ಟಿ ಹಿಡಕೊಂಡು ತಿರಗ್ಯಾಡಾಕತ್ತಿದ್ರು.

ಜೀಪ್ ಬಂತು, ಹೀರೋ ಇಳದ, ನಾ ಸೆಲ್ಯೂಟ್ ಹೊಡದೆ. ಒಂದ ಸಲಕ್ಕ ಓಕೆ ಆತು. ಡೈರೆಕ್ಟರ್ "ಸೂಪರ್ ಸಾರ್" ಅಂದ. ನನ್ನ ಎದಿ ಇನ್ನೂ ಉಬ್ಬಿಕೊಂಡಿತ್ತು, ಅಷ್ಟರಾಗ ಒಬ್ಬಾಂವ ಬಂದು ಅಂಗಿ ಬಿಚ್ಚು ಅಂದ. ಇದ ಅಳತಿ ಅಂಗಿ ಮುಂದಿನ ಸೀನಿಗೆ ಬೇಕಂತ. ಸ್ಮಗ್ಲರ್ ಪೊಲೀಸ್ ವೇಷ ಹಾಕ್ಕೊಂಡು ತಪ್ಪಿಸ್ಕೊಂಡು ಹೋಗೋ ಸೀನು. ನಾ ಬಿಸಲಾಗ ಬನಿಯನ್ ಮ್ಯಾಲ ನಿಂತೆ. ನನ್ನ ಬೆವರು ಆರೂದ್ರೊಳಗ ಕಳ್ಳ ನನ್ನ ಅಂಗಿ ಹಾಕ್ಕೊಂಡು, ನನ್ನ ಗೇಟಿನಾಗಿಂದನ, ನನಗ ಕೈ ಮಾಡಿ ಓಡಿ ಹೋದ.

೨. ಕೈ ಸುತ್ತ ಕೆಂಪು ಗೆರಿ

ಸಿನಿಮಾ ಬಂತು, ಕೇರಳದಾಗ ಧೂಳೆಬ್ಬಿಸಿತು, ಆಮ್ಯಾಲ ಮೊಬೈಲಿನಾಗೂ ಬಂತು. ತಿಂಗಳಿಗೊಮ್ಮೆ ನಾವು ಇಲ್ಲಿನ ಕನ್ನಡ ಮಂದಿ ಒಬ್ಬೊಬ್ರ ಮನ್ಯಾಗ ಕೂಡ್ತೀವಿ. ರೈಲ್ವೆದವ್ರು, ಆರ್ಡ್‌ನೆನ್ಸ್ ಫ್ಯಾಕ್ಟರಿಯವ್ರು, ನಮ್ಮಂಥಾ ಫೌಜಿನವ್ರು. ಆ ತಿಂಗಳು ನಮ್ಮ ಮನ್ಯಾಗ ಕೂಡಿದ್ವಿ. ಟಿವಿಗೆ ಹಚ್ಚಿ ಎಲ್ರಿಗೂ ತೋರಿಸಿದೆ. ಕಣ್ಣು ಮಿಟಕಿಸಿದ್ರ ನಾ ಕಾಣೂದಿಲ್ಲ, ಅಷ್ಟ ಹೊತ್ತು ಇದ್ದೆ. ಆದ್ರೂ ಎಲ್ರೂ ಚಪ್ಪಾಳಿ ಹೊಡದ್ರು. ನಮ್ಮವ್ವ ಗದಗಕ್ಕ ಫೋನ್ ಹಚ್ಚಿ, "ನನ್ನ ಮಗ ಟಿವ್ಯಾಗ ಬಂದಾನ, ನೆಟ್ಟಗ ನಿಂತಾನ," ಅಂತ ಹೇಳಿದ್ಲು. ಅವ್ವಗ ನಾ ಅಂದ್ರ ಸುಳ್ಳು ಗೊತ್ತಿಲ್ಲದ ಮನಷ್ಯಾ. ಊರ ಮಂದಿಗೆಲ್ಲ ಹಂಗ ಹೇಳಿ ಇಟ್ಟಾಳ.

ಒಂದು ವಾರ ನನ್ನ ಸಂತೋಷ ಹಂಗ ಉಳೀತು. ಆಮ್ಯಾಲ ಚೇಟ್ಟನ್ ಅಳಿಯ ಗಲ್ಫಿನಾಗ ಕುಂತು ಕೆಲಸ ಕೆಡಿಸಿದ. ಅಂವನೂ ಏರ್‌ಫೋರ್ಸಿನಾಗ ಇದ್ದು ಹೊರಬಿದ್ದಾಂವ. ಸಿನಿಮಾ ನಿಲ್ಲಿಸಿ, ನನ್ನ ಫೋಟೋ ತಗದು, ನನ್ನ ಕೈ ಸುತ್ತ ಕೆಂಪು ಗೆರಿ ಎಳದು, ಮೊಬೈಲಿನಾಗ ಹಾಕಿದ. ಕೆಳಗ ಏನು ಬರದಿದ್ದ ಅಂದ್ರ, "ಹಾಕ್ಕೊಂಡದ್ದು ಪೊಲೀಸ್ ಡ್ರೆಸ್, ಹೊಡದದ್ದು ಏರ್‌ಫೋರ್ಸ್ ಸೆಲ್ಯೂಟ್. ಯಾರಿಂವ?"

ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಭೂಸೇನಾದವ್ರು, ಪೊಲೀಸ್‌ನವ್ರು ಸೆಲ್ಯೂಟ್ ಹೊಡೀಬೇಕಾದ್ರ ಅಂಗೈ ಪೂರಾ ಮುಂದ ಕಾಣಬೇಕು. ನಮ್ಮ ಏರ್‌ಫೋರ್ಸಿನಾಗ ಅಂಗೈ ಅರ್ಧ ಕೆಳಗ ಓರಿ ಆಗಿರಬೇಕು. ನಾವು ಸೇರಿದಾಗ ನಮ್ಮದೂ ಅವ್ರಂಗ ಇತ್ತು, ನಡುವ ಹುಕುಂ ಬಂದು ಬದಲಿ ಆತು. ಆ ಒಂದು ಓರಿ ಕಲಿಯಾಕ ನಾ ಪಟ್ಟ ಪಾಡು ನನಗ ಗೊತ್ತು. ಡ್ರಿಲ್ ಕಲಿಸೋ ಉಸ್ತಾದ್ ಮುಂಗೈ ಹಿಡದು ತಿರುವಿ ತಿರುವಿ ಕೂಡಿಸಿದ್ದ. ಆ ಕೈ ಜೀಪ್ ಕಂಡ ಕೂಡಲೆ ತಾನ ಎದ್ದಿತ್ತು. ಅದರಾಗ ನಂದೇನು ತಪ್ಪು?

ಕೇರಳದಾಗ ಮನಿಗೊಬ್ಬ ಫೌಜಿನಾಂವ ಇರಬೇಕು ಅಂತ ಅವತ್ತ ನನಗ ತಿಳೀತು. ಎಲ್ರೂ ಬರದ್ರು. ಒಬ್ಬ ನನ್ನನ್ನ ಗೂಢಚಾರ ಅಂದ. ಒಬ್ಬ ವಿದೇಶದ ಏಜೆಂಟ್ ಅಂದ. ಇನ್ನೊಬ್ಬ ಡೈರೆಕ್ಟರ್ ಎಂಥಾ ಬುದ್ಧಿವಂತ, ಬೇಕಂತ ಹಿಂಗ ತೋರಿಸ್ಯಾನ, ಎರಡನೇ ಭಾಗದಾಗ ಗೊತ್ತಾಗತೈತಿ ಅಂದ. ಚೇಟ್ಟನ್ ಒಂದೊಂದ ಓದಿ, ಹಿಂದಿಯೊಳಗ ಅರ್ಥ ಹೇಳಿ, ತಾವ ನಕ್ಕು, ಮತ್ತ ಮುಂದಿಂದು ಓದ್ತಿದ್ರು. ಕಂಪನಿ ಗಾಡ್ಯಾಗ ಕುಂತ್ರ ಮರಾಠಿ ಹುಡುಗ್ರು ನಕ್ರು. ಕಡೀಕ ನಮ್ಮ ಕನ್ನಡ ಕೂಟದಾಗ ಒಬ್ಬ ರೈಲ್ವೆ ಸಾಹೇಬ್ರು ಎಲ್ರ ಮುಂದ ಕೇಳಿದ್ರು, "ಏನ್ರೀ, ಒಂದು ಸೆಲ್ಯೂಟ್ ಬರೋಬರ್ ಹೊಡ್ಯಾಕ ಬರ್ಲಿಲ್ಲೇನ್ರಿ ನಿಮಗ?"

ನನಗ ನೆತ್ತಿಗೇರ್ತು. ಚಾದ ಕಪ್ ಕೆಳಗಿಟ್ಟು ಎದ್ದು ನಿಂತು ಹೇಳಿದೆ, "ಸೆಲ್ಯೂಟ್ ಬರೋಬರ್ ಐತ್ರಿ. ತಪ್ಪಿದ್ದು ಅಂಗಿ."

೩. ನೀರಿನ ಟಾಕಿಗೆ ಗೌರವ

ಎಷ್ಟು ಮಂದಿಗೆ ಅಂತ ಹೇಳೂದು? ಹೇಳಿ ಹೇಳಿ ಬಾಯಿ ಸೋತು, ಪೊಲೀಸ್ ಸೆಲ್ಯೂಟ್ ನನಗೂ ಬರ್ತೈತಿ ಅಂತ ತೋರಿಸಬೇಕು ಅನ್ನೋ ಹಟ ಹುಟ್ಟಿತು. ಕಾಮಠಿಯಾಗ ನಮ್ಮ ಬೆಳಗಾವಿ ಕಡಿ ಹವಾಲ್ದಾರರೊಬ್ರು ಅದಾರ, ಭೂಸೇನಾದಾಗ ಇದ್ದವ್ರು. ಕಲಿಸ್ತೀರೇನು ಅಂತ ಕೇಳಿದೆ. ಮರುದಿನ ಮುಂಜಾನಿ ಹೊತ್ತು ಹೊಂಡೂದ್ರೊಳಗ ಸೈಕಲ್ ಮೋಟರ್ ಮ್ಯಾಲ ಬಂದು ನಮ್ಮ ಬಾಗಲಾ ಬಡದ್ರು. ಜೀವಮಾನ ಪೂರ್ತಿ ಏರ್‌ಫೋರ್ಸಿನವ್ರಿಗೆ ಏನರೆ ಕಲಿಸಬೇಕು ಅಂತ ಕಾಯ್ದಿದ್ದವ್ರಂಗ ಕಂಡ್ರು.

ಮಾಳಿಗಿ ಮ್ಯಾಲ ಕವಾಯತು ಸುರುವಾತು. ಅವ್ವ ಅಲ್ಲೇ ಸಂಡಿಗಿ ಒಣಾ ಹಾಕಿದ್ಲು. ನಾ ಸಂಡಿಗಿ ತುಳೀದಂಗ ಮೂರು ಹೆಜ್ಜಿ ನಡದು, ತಿರುಗಿ, ಕೈ ಎತ್ತಬೇಕು. "ಅಂಗೈ ಮುಂದ, ಸಾರ್ಜೆಂಟ್ ಸಾಹೇಬ್ರ, ಅಂಗೈ ಮುಂದ. ಏನ್ ಮುಚ್ಚಿಡಾಕತ್ತೀರಿ ಅದರಾಗ?" ಅಂತ ಹವಾಲ್ದಾರ್ರು ಬೆತ್ತದಲೆ ಮುಂಗೈ ತಟ್ಟತಿದ್ರು. ಹಳೇ ಕೈ ಒಳಗ ಎಲ್ಲೋ ಮಲಗಿತ್ತು ಅಂತ ಕಾಣತೈತಿ, ಜಲ್ದಿನ ಎದ್ದು ಬಂತು. ತಿಂಗಳೊಪ್ಪತ್ತಿನಾಗ ಅಂಗೈ ಕನ್ನಡಿ ಹಿಡದಂಗ ಮುಂದ ನಿಲ್ಲಾಕ ಹತ್ತಿತು.

ಅವ್ವ ಸಂಡಿಗಿ ತಿರುವ್ತಾ ದಿನಾ ನೋಡ್ತಿದ್ಲು. ಒಂದಿನ ತಡಕೊಳ್ಳಾಕ ಆಗಲಿಲ್ಲ. "ತಮ್ಮಾ, ಯಾರಿಗ ಇಷ್ಟು ಭಕ್ತಿಲೆ ನಮಸ್ಕಾರ ಮಾಡಾಕತ್ತಿ? ಅಲ್ಲಿ ನೀರಿನ ಟಾಕಿ ಐತಿ."

ಅಷ್ಟಕ್ಕ ಮುಗದಿದ್ರ ಪಾಡಿತ್ತು. ಆಗಸ್ಟ್ ಹದಿನೈದಕ್ಕ ನಮ್ಮ ಕಾಲನ್ಯಾಗ ಧ್ವಜ ಏರಿಸಾಕ ನಮ್ಮ ಏರ್‌ಫೋರ್ಸಿನ ದೊಡ್ಡ ಆಫೀಸರ್, ಒಬ್ಬ ರಿಟೈರ್ಡ್ ಗ್ರೂಪ್ ಕ್ಯಾಪ್ಟನ್ ಸಾಹೇಬ್ರು ಬಂದ್ರು. ನಾವು ಏರ್‌ಫೋರ್ಸಿನ ಹಳೇ ಮಂದಿ ಮೆಡಲ್ ಹಾಕ್ಕೊಂಡು ಸಾಲಿನಾಗ ನಿಂತಿದ್ವಿ. ಸಾಹೇಬ್ರು ನನ್ನ ಮುಂದ ಬಂದ್ರು. ನಾ ಕೈ ಎತ್ತಿದೆ. ಎಲ್ರ ಕೈ ಓರಿ, ನಂದೊಂದ ಅಂಗೈ ಪೂರಾ ಮುಂದ. ಆ ಬದಿಗೆ ನಿಂತಿದ್ದ ಹವಾಲ್ದಾರ್ರು ಮಾತ್ರ ಮೀಸಿ ತಿರುವಿ ನಕ್ರು.

ಗ್ರೂಪ್ ಕ್ಯಾಪ್ಟನ್ ಸಾಹೇಬ್ರು ಸಿನಿಮಾ ನೋಡಿದ್ರಂತ. ನನ್ನ ಹತ್ರ ಬಗ್ಗಿ ಮೆಲ್ಲಗ ಹೇಳಿದ್ರು, "ಸಾರ್ಜೆಂಟ್, ಪೊಲೀಸ್ ಮುಂದ ಏರ್‌ಫೋರ್ಸ್, ಏರ್‌ಫೋರ್ಸ್ ಮುಂದ ಪೊಲೀಸ್. ಯಾವುದರೆ ಒಂದು ಹಿಡೀರಿ."

೪. ಮನಿಗೆ ಬಂದು ಹೇಳಿದ ಕಥಿ

ಇದೆಲ್ಲಾ ತಣ್ಣಗಾತು ಅಂತ ನಾ ತಿಳಕೊಂಡಿದ್ದೆ. ಮತ್ತ ಬಂದ್ರು. ಚೇಟ್ಟನ್ ಜೋಡಿ ಅದ ಡೈರೆಕ್ಟರ್, ದಾಡಿ ಇನ್ನಷ್ಟು ಉದ್ದ ಆಗಿತ್ತು. ಎರಡನೇ ಭಾಗ ಮಾಡಾಕತ್ತಾರಂತ. ಈ ಸಲ ಬಂದ ಕೂಡಲೆ ನನ್ನ ಕಾಲು ಮುಟ್ಟಿದ. ಆಗ ನಾ ಹುಷಾರ್ ಆಗಬೇಕಿತ್ತು.

"ಸಾರ್, ಈ ಸಲ ಕಥಿ ಇರೋದ ನಿಮ್ಮ ಮ್ಯಾಲ," ಅಂದ.

ನಮ್ಮಾಕಿ ಚಾ ತಂದು ಅಲ್ಲೇ ಕುಂತ್ಲು. ಅವ್ವ ಮೂಲ್ಯಾಗ ಬಟಾಣಿ ಸುಲ್ಯಾಕತ್ತಿದ್ಲು. ಡೈರೆಕ್ಟರ್ ಹಿಂದಿಯೊಳಗ ಕಥಿ ಸುರು ಮಾಡಿದ, ಅವ್ವಗ ಹಿಂದಿ ತಿಳ್ಯೂದಿಲ್ಲ. ಮೊದಲ ಭಾಗದಾಗ ಸ್ಮಗ್ಲರ್ ತಪ್ಪಿಸ್ಕೊಂಡು ಹೋದ್ನಲ್ಲ, ಪೊಲೀಸ್ ಆಫೀಸಿನಾಗಿಂದ ಹೆಂಗ ಹೋದ? ಗೇಟಿನಾಗಿಂದ ಹೋದ. ಗೇಟಿನಾಗ ಯಾರಿದ್ರು? ನೀವು.

"ನಾ ಏನ್ ಮಾಡ್ಲಿ? ನನ್ನ ಬನಿಯನ್ ಮ್ಯಾಲ ನಿಲ್ಲಿಸಿದವ್ರು ನೀವು," ಅಂದೆ.

"ಅದ ಸಾರ್. ಸ್ಮಗ್ಲರ್ ಹಾಕ್ಕೊಂಡ ಅಂಗಿ ಜೇಬಿನ ಗುಂಡಿ ಹರದಿತ್ತು. ಗೇಟ್ ಕಾಯೋ ಕಾನ್‌ಸ್ಟೇಬಲ್ ಅಂಗಿ ಗುಂಡೀನೂ ಹರದಿತ್ತು. ಮಂದಿ ಕಂಡು ಹಿಡದು ಬರದಾರ. ಅಂದ್ರ ಅಂಗಿ ಕೊಟ್ಟವ್ರು ನೀವು. ಮ್ಯಾಲ ಆ ಸೆಲ್ಯೂಟ್. ನೀವು ಪೊಲೀಸನ ಅಲ್ಲ. ನೀವು ಸ್ಮಗ್ಲರ್ ಕಡ್ಯಾವ್ರು. ದ್ರೋಹಿ."

ನನಗ ಮೈಯೆಲ್ಲ ಉರದು ಹೋತು. ಅಂಗಿ ಅವ್ರದು, ಗುಂಡಿ ಅವ್ರದು, ಸೂಜಿ ದಾರ ಕೇಳಿದಾಂವ ನಾನು, ದ್ರೋಹಿ ಆದಾಂವನೂ ನಾನ.

"ಹಂಗಾದ್ರ ಏರ್‌ಫೋರ್ಸಿನಾಂವ ದ್ರೋಹಿ ಅಂತ ತೋರಿಸ್ತೀರೇನು?" ಅಂತ ಕೇಳಿದೆ. ನನ್ನ ಧ್ವನಿ ಕೇಳಿ ಚೇಟ್ಟನ್ ಚಾ ಬಿಟ್ಟು ಎದ್ದ್ರು.

"ಛೇ ಛೇ, ಇಲ್ಲ ಸಾರ್. ಏರ್‌ಫೋರ್ಸ್ ಮ್ಯಾಲ ನಮಗ ಭಾಳ ಗೌರವ. ನೀವು ಆ ಸೆಲ್ಯೂಟ್ ಟಿವ್ಯಾಗ ಪರೇಡ್ ನೋಡಿ ಕಲ್ತದ್ದು."

ಟಿವಿ ನೋಡಿ ಕಲ್ತದ್ದಂತ. ದ್ರೋಹಿ ಅಂದಾಗಿಂತ ಆ ಮಾತಿಗೆ ನನಗ ಹೆಚ್ಚು ಸಿಟ್ಟು ಬಂತು. ಹೊರಗ ನಡೀರಿ ಅಂದೆ. ಅಂವ ಎದ್ದು ನಿಂತು, ಕೈ ಮುಗದು, ಭಾಳ ಮರ್ಯಾದಿಲೆ ಹೇಳಿದ, "ನೀವು ಬಂದ್ರೂ ಅಷ್ಟ, ಬಿಟ್ರೂ ಅಷ್ಟ, ಸಾರ್. ನೀವು ಸೆಲ್ಯೂಟ್ ಹೊಡದ ಆ ಸೀನು ನಮ್ಮ ಹತ್ರ ಐತಿ. ಅದನ್ನ ತೋರಿಸಿ ಇಂವನ ದ್ರೋಹಿ ಅಂದ್ರ ಮುಗೀತು. ಉಳದದ್ದಕ್ಕ ನಿಮ್ಮಂಥಾ ಮೀಸಿ ಇರೋ ಯಾರರೆ ನಡೀತೈತಿ."

ನೋಡ್ರಿ, ಹೆಂಗ ಸಿಗಿಸಿದ. ಹೋಗದಿದ್ರ ದ್ರೋಹಿ ಆಗೂದು ಖಾತ್ರಿ. ಹೋದ್ರ ಏನರೆ ಉಳಿಸ್ಕೋಬಹುದು.

ಮೂಲ್ಯಾಗಿಂದ ಅವ್ವ ಕೇಳಿದ್ಲು, "ತಮ್ಮಾ, ಏನಂತಾನ ಆ ದಾಡಿಯಾಂವ? ಯಾಕ ಒದರ್ಯಾಡಾಕತ್ತಿ?"

"ಏನಿಲ್ಲವ್ವಾ. ಒಳ್ಳೆ ಪಾರ್ಟ್ ಐತಂತ," ಅಂದೆ.

ಅವ್ವನ ಮುಖ ಅರಳಿತು. ಅಲ್ಲೇ ಗದಗಕ್ಕ ಫೋನ್ ಹಚ್ಚಾಕ ಹೇಳಿದ್ಲು. ಈ ಸಲ ಥೇಟರಿಗೆ ಹೋಗಿ ದೊಡ್ಡ ಪರದೆ ಮ್ಯಾಲ ನೋಡತೀನಿ, ಮಗ ನೆಟ್ಟಗ ನಿಂತದ್ದು ಟಿವ್ಯಾಗ ಸಣ್ಣದು ಕಾಣತೈತಿ ಅಂದ್ಲು. ಊರೆಲ್ಲ ನನ್ನ ಖರೇತನದ ಹಾಡು ಹಾಡಿದಾಕಿ, ಆಕಿ ಮುಂದ ನಾ ಕಳ್ಳನಾಗಿ ಹೆಂಗ ನಿಂದರ್ಲಿ?

ಡೈರೆಕ್ಟರ್‌ಗ ಒಂದ ಶರತ್ತು ಹಾಕಿದೆ. ಕಡೀಕ ನಾ ಒಳ್ಳೇಂವ ಅಂತ ಗೊತ್ತಾಗಬೇಕು. ಸರಕಾರದಾಂವ, ವೇಷ ಹಾಕ್ಕೊಂಡು ಕಳ್ಳರ ಜೋಡಿ ಇದ್ದೆ ಅಂತ ತೋರಿಸಬೇಕು. ಅಂವ ಎದಿ ಮ್ಯಾಲ ಕೈ ಇಟ್ಕೊಂಡು ಮಾತು ಕೊಟ್ಟ.

"ಎಂಥಾ ಛಲೋ ಮನಷ್ಯಾ," ಅಂದ್ಲು ನಮ್ಮಾಕಿ. ಆಕಿಗೆ ಯಾವಾಗ್ಲೂ ಬ್ಯಾರೇವ್ರನ್ನ ಕಂಡ್ರ ಹಂಗ ಅನಸತೈತಿ.

೫. ಬೇಕಾದಾಗ ಬರದ ತಪ್ಪು

ಮತ್ತ ಹಿಂಗಣಾ, ಮತ್ತ ಅದ ಫ್ಯಾಕ್ಟರಿ, ಮತ್ತ ಅದ ಗೇಟು. ಈ ಸಲ ಅಂಗಿ ಹೊಸದು ಇತ್ತು, ಗುಂಡಿ ಬೇಕಂತ ಹರದಿದ್ರು. ಜೀಪ್ ಬಂತು, ಹೀರೋ ಇಳದ, ನಾ ಸೆಲ್ಯೂಟ್ ಹೊಡದೆ.

"ಕಟ್," ಅಂದ ಡೈರೆಕ್ಟರ್. "ಸಾರ್, ಇದು ಪೊಲೀಸ್ ಸೆಲ್ಯೂಟ್ ಆತು. ನಮಗ ಆ ತಪ್ಪು ಸೆಲ್ಯೂಟ್ ಬೇಕು."

"ಅದು ತಪ್ಪಲ್ಲ," ಅಂದೆ.

"ಆತು ಸಾರ್, ಆ ಬರೋಬರ್ ಸೆಲ್ಯೂಟ್ ಹೊಡೀರಿ."

ಮತ್ತ ಜೀಪ್ ಹಿಂದ ಹೋತು, ಮತ್ತ ಬಂತು. ನನ್ನ ಅಂಗೈ ಮತ್ತ ಪೂರಾ ಮುಂದ. ಮಾಳಿಗಿ ಮ್ಯಾಲ ಹವಾಲ್ದಾರ್ರು ತಟ್ಟಿ ತಟ್ಟಿ ಕೂಡಿಸಿದ ಕೈ, ಹಂಗೆಲ್ಲ ಬಿಡತೈತೇನ್ರಿ? ಮನಸ್ಸಿನಾಗ ಓರಿ ಅನ್ಕೊಂಡು ಎತ್ತತೀನಿ, ಮ್ಯಾಲ ಹೋಗೂದ್ರಾಗ ಸಪಾಟ ಆಗತೈತಿ. ಜೀಪಿನ ಡ್ರೈವರ್ ಬ್ಯಾಸರಾಗಿ ತಂಬಾಕು ತಿಕ್ಕಾಕ ಹತ್ತಿದ. ಛತ್ರಿ ಕೆಳಗ ಕುಂತಿದ್ದ ಹೀರೋ ಎದ್ದು ಬಂದು, ತಾನ ತೋರಿಸ್ತೀನಿ ಅಂತ ಒಂದು ಸೆಲ್ಯೂಟ್ ಹೊಡದ. ಮೂಗಿನ ಮ್ಯಾಲಿನ ನೊಣಾ ಹೊಡದಂಗಿತ್ತು. ಇಡೀ ಸಿನಿಮಾದಾಗ ಇಂವನ ದೊಡ್ಡ ಆಫೀಸರ್, ಇಂವನ ನನ್ನ ಸೆಲ್ಯೂಟ್‌ನ್ಯಾಗ ತಪ್ಪು ಹುಡುಕಿ ಹಿಡಿಯಾಂವ. ಅಂವನ ಕೈ ನೋಡಿ ಯಾರೂ ಕೆಂಪು ಗೆರಿ ಎಳೀಲಿಲ್ಲ.

ಚೇಟ್ಟನ್ ಮಲಯಾಳಂದಾಗ ಡೈರೆಕ್ಟರ್‌ಗ ಸಮಾಧಾನ, ಹಿಂದಿಯೊಳಗ ನನಗ ಸಮಾಧಾನ ಹೇಳ್ತಾ ಓಡ್ಯಾಡಾಕತ್ತಿದ್ರು. ಅಷ್ಟರಾಗ ಬ್ಯಾರೆ ಒಂದು ಕಾರು ಬಂದು ನಿಂತಿತು. ಶೂಟಿಂಗ್ ನೋಡಾಕ ಅಂತ ಚೇಟ್ಟನ್ ಅವತ್ತ ಗ್ರೂಪ್ ಕ್ಯಾಪ್ಟನ್ ಸಾಹೇಬ್ರನ್ನ ಕರದಿದ್ರಂತ. ಜೀಪ್ ಈ ಕಡಿಂದ ಬಂತು, ಹೀರೋ ಇಳದ, ಆ ಕಡಿಂದ ಸಾಹೇಬ್ರು ಕಾರಿನಿಂದ ಇಳದ್ರು. ನನ್ನ ಮೈ ಪೂರಾ ಸಾಹೇಬ್ರ ಕಡೆ ತಿರುಗಿತು, ಹೀರೋಗ ಬೆನ್ನಾತು, ಕೈ ಎದ್ದಿತು. ಓರಿ ಅಂದ್ರ ಓರಿ, ಉಸ್ತಾದ್ ಇದ್ದಿದ್ರ ಬೆನ್ನು ತಟ್ಟತಿದ್ದ. ಸಾಹೇಬ್ರೂ ನಿಂತಲ್ಲೇ ಅದ ಸೆಲ್ಯೂಟ್ ವಾಪಸ್ ಕೊಟ್ರು.

ಡೈರೆಕ್ಟರ್ ಕುರ್ಚಿ ಬಿಟ್ಟು ಜಿಗದ. "ಇದ ಬೇಕಾಗಿತ್ತು ಸಾರ್. ಹೀರೋಗ ಬೆನ್ನು ಮಾಡಿ ತನ್ನ ಖರೇ ಬಾಸ್‌ಗೆ ಸೆಲ್ಯೂಟ್ ಹೊಡಿಯೋ ದ್ರೋಹಿ. ಆ ದೊಡ್ಡವ್ರು ಯಾರು? ಎಂಥಾ ಮುಖ. ಅವ್ರನ್ನ ಅಲ್ಲೇ ನಿಲ್ಲಿಸ್ರಿ, ಹತ್ರದಿಂದ ಒಂದು ತಗೋತೀನಿ."

ಸಾಹೇಬ್ರು ತಮಗ ಮರ್ಯಾದಿ ಮಾಡಾಕತ್ತಾರ ಅಂತ ತಿಳಕೊಂಡ್ರು. ಕೈಯಾಗಿನ ಕೋಲು ಬದಿಗಿಟ್ಟು, ತಲಿ ಬಾಚ್ಕೊಂಡು, ಕ್ಯಾಮರಾ ಮುಂದ ಇನ್ನೊಂದು ಸೆಲ್ಯೂಟ್ ಹೊ‍ಡದ್ರು. ಆಮ್ಯಾಲ ನನ್ನ ಕಡೆ ಬಂದು ಖುಷಿಲೆ ಕೇಳಿದ್ರು, "ಬರೋಬರ್ ಬಂತೇನು ಸಾರ್ಜೆಂಟ್? ನಂದು ಯಾವ ಪಾರ್ಟು?"

"ದೊಡ್ಡ ಪಾರ್ಟ್ ಐತ್ರಿ ಸರ್," ಅಂದೆ. ಸ್ಮಗ್ಲರ್‌ಗಳಿಗೆಲ್ಲ ದೊಡ್ಡವ್ರು ನೀವ ಅಂತ ಹೇಳಾಕ ನನಗ ಬಾಯಿ ಬರ್ಲಿಲ್ಲ.

೬. ಐತವಾರ ಮುಂಜಾನಿ ಶೋ

ನಾಗಪುರದಾಗ ಮಲಯಾಳಂ ಸಿನಿಮಾಕ್ಕ ಐತವಾರ ಮುಂಜಾನಿ ಒಂದ ಶೋ ಸಿಗತೈತಿ. ಆ ಶೋಕ್ಕ ಊರಿನ ಮಲಯಾಳಿ ಮಂದಿಯೆಲ್ಲ ಬಂದಿದ್ರು, ನಮ್ಮ ಕನ್ನಡ ಕೂಟ ಪೂರಾ ಬಂದಿತ್ತು, ರೈಲ್ವೆ ಸಾಹೇಬ್ರು, ಹವಾಲ್ದಾರ್ರು, ಕಂಪನಿ ಗಾಡಿ ಹುಡುಗ್ರು. ಗ್ರೂಪ್ ಕ್ಯಾಪ್ಟನ್ ಸಾಹೇಬ್ರು ಹೆಂಡ್ತೀನ ಕರ್ಕೊಂಡು ನಮ್ಮ ಮುಂದಿನ ಸಾಲಿನಾಗ ಕುಂತಿದ್ರು. ಅವ್ವ ಇಳಕಲ್ ಸೀರಿ ಉಟ್ಟಿದ್ಲು.

ನಾ ಆವತ್ತು ಮುಂಜಾನಿ ನಾಷ್ಟಾದ ತಾಟು ಮುಟ್ಟದ ಎದ್ದಿದ್ದೆ. ಹಿಂದಿನ ದಿನ ಡೈರೆಕ್ಟರ್ ಫೋನ್ ಮಾಡಿದ್ದ. "ಸಾರ್, ನಿಮಗ ಕೊಟ್ಟ ಮಾತು ಮರತಿಲ್ಲ. ನೀವು ಒಳ್ಳೇವ್ರು ಅಂತ ಖಂಡಿತ ಗೊತ್ತಾಗತೈತಿ. ಆದ್ರ ಅದು ಮೂರನೇ ಭಾಗದಾಗ."

ನಾ ಫೋನಿನಾಗ ಏನಂದೆ ಅನ್ನೋದನ್ನ ಇಲ್ಲಿ ಬರ್ಯಾಕ ಆಗೂದಿಲ್ಲ. ಅವ್ವನ್ನ ಮನ್ಯಾಗ ಉಳಿಸಬೇಕು ಅಂತ ಭಾಳ ನೋಡಿದೆ. ನಿನಗ ಮೊಣಕಾಲ ನೋವು ಐತಿ, ಅಲ್ಲಿ ಎಸಿ ಭಾಳ ಥಂಡಿ, ಭಾಷಾ ತಿಳ್ಯೂದಿಲ್ಲ ಅಂದೆ. "ಮಗನ್ನ ನೋಡಾಕ ಭಾಷಾ ಯಾಕ ಬೇಕೋ?" ಅಂದ್ಲು.

ಸಿನಿಮಾ ಸುರುವಾತು. ಗೇಟಿನಾಗ ನಾ ಬಂದೆ, ಮನಿ ಬಾಗಲದಷ್ಟು ದೊಡ್ಡ ಮೀಸಿ. ಅವ್ವ ನನ್ನ ಕೈ ಹಿಡಕೊಂಡ್ಲು. ನಾ ಹೀರೋಗ ಬೆನ್ನು ಮಾಡಿದೆ, ಸೆಲ್ಯೂಟ್ ಹೊಡದೆ, ಆ ಕಡೆ ಗ್ರೂಪ್ ಕ್ಯಾಪ್ಟನ್ ಸಾಹೇಬ್ರು ಸೆಲ್ಯೂಟ್ ಹೊಡದ್ರು, ಹಿಂದ ಢಂ ಢಂ ಅಂತ ಕಳ್ಳರ ಮ್ಯೂಸಿಕ್ ಬಂತು. ಮುಂದಿನ ಸಾಲಿನಾಗ ಸಾಹೇಬ್ರು ನಿಧಾನಕ ಹಿಂದ ತಿರುಗಿ ನನ್ನ ನೋಡಿದ್ರು. ನಾ ಪರದೆನ ನೋಡ್ತಾ ಕುಂತೆ.

ಇಂಟರ್ವಲ್ ಆದ ಮ್ಯಾಲ ಹೀರೋ ಎಲ್ಲಾ ಪತ್ತೆ ಹಚ್ಚಿದ. ಹರದ ಗುಂಡಿ ತೋರಿಸಿದ್ರು, ಹಳೇ ಸೆಲ್ಯೂಟ್ ತೋರಿಸಿದ್ರು, ನನ್ನ ಅಂಗೈ ಪರದೆ ತುಂಬ ಬಂತು. ಹೀರೋ ನನ್ನ ಕೊರಳಪಟ್ಟಿ ಹಿಡದು ಗ್ವಾಡಿಗೆ ಆನಿಸಿ ಕಪಾಳಕ್ಕ ಒಂದು ಬಿಟ್ಟ. ಥೇಟರ್ ತುಂಬ ಸೀಟಿ, ಚಪ್ಪಾಳಿ. ಕಂಪನಿ ಗಾಡಿ ಹುಡುಗ್ರೂ ಸೀಟಿ ಹೊಡದ್ರು, ನನಗ ಕೇಳಿಸ್ತು. ಈ ಸೀನಿನ ಶೂಟಿಂಗ್ ಮಾಡುಮುಂದ ಇದು ನಾಟಕ ಸಾರ್, ಕಡೀಕ ಅಂವ ನಿಮ್ಮ ಕಾಲಿಗೆ ಬೀಳ್ತಾನ ಅಂತ ಹೇಳಿದ್ರು. ಅದೂ ಮೂರನೇ ಭಾಗಕ್ಕ ಹೋಗಿರಬೇಕು.

ಅವ್ವನ ಕೈ ನನ್ನ ಕೈ ಮ್ಯಾಲ ಬಿಗಿ ಆತು. "ಯಾಕ ಹೊಡ್ಯಾಕತ್ತಾನ? ಏನ್ ಮಾಡ್ಯಾನ ನನ್ನ ಮಗ?" ಅಂತ ಕೇಳಿದ್ಲು. ಆಕಿಗೆ ಕಿವಿ ಮಂದ, ಹಿಂಗಾಗಿ ಮಾತು ಜೋರು.

ಏನ್ ಹೇಳಬೇಕು ಅಂತ ನಾ ಹುಡುಕ್ಯಾಡಾಕತ್ತಿದ್ದೆ. ಆ ಕಡಿಂದ ನಮ್ಮಾಕಿ, ಪರದೆ ಕೆಳಗಿನ ಇಂಗ್ಲೀಷ್ ಓದಿ, ಒಂದ ಅಕ್ಷರ ಬಿಡದ ಹೇಳಿಬಿಟ್ಲು. "ಅತ್ತಿ, 'ನೀ ಪೊಲೀಸ್ ಅಲ್ಲ, ಸುಳ್ಳು ಹೇಳಿ ಒಳಗ ಸೇರ್ಕೊಂಡಿ, ಖರೇ ಹೇಳು ನೀ ಯಾರು' ಅಂತ ಕೇಳಾಕತ್ತಾನ."

ಪರದೆ ಮ್ಯಾಲ ಹೀರೋ ನನ್ನ ಉತ್ತರಕ್ಕ ಕಾಯ್ಕೊಂತ ನಿಂತಿದ್ದ. ಮ್ಯೂಸಿಕ್ ನಿಂತಿತ್ತು. ನಾ ಸೀಟಿನಾಗ ಕೆಳಗ ಕೆಳಗ ಇಳ್ಯಾಕತ್ತಿದ್ದೆ, ಅವ್ವನ ಮುಖ ನೋಡಾಕ ನನಗ ಧೈರ್ಯ ಇದ್ದಿಲ್ಲ.

"ಖರೇನ ಐತಲ್ಲ ಅಂವ ಹೇಳೂದು," ಅಂದ್ಲು ಅವ್ವ. "ನನ್ನ ಮಗ ಎಲ್ಲೆ ಪೊಲೀಸ್? ಅಂವ ಏರ್‌ಫೋರ್ಸಿನಾಗ ಇದ್ದಾಂವ."

ಹಿಂದಿನ ಸಾಲಿನಾಗ ಚೇಟ್ಟನ್ ಸುಮ್ನ ಕುಂಡ್ರಲಿಲ್ಲ. ಅದನ್ನ ಹಂಗ ಮಲಯಾಳಂದಾಗ ಜೋರಾಗಿ ಹೇಳಿದ್ರು. ಥೇಟರ್ ಬಿದ್ದು ಬಿದ್ದು ನಕ್ಕಿತು, ಯಾರೋ ನನ್ನ ಭುಜ ತಟ್ಟಿದ್ರು. ಪರದೆ ಮ್ಯಾಲಿನ ಹೀರೋಗ ಇದೇನೂ ಕೇಳಿಸಲಿಲ್ಲ. ಅಂವ ಮತ್ತ ಕೈ ಎತ್ತಿದ.

ಅವ್ವ ಒಂದು ಕೈಲೆ ನನ್ನ ಹಿಡಕೊಂಡು, ಇನ್ನೊಂದು ಕೈಲೆ ಮುಂದಿನ ಸೀಟು ಹಿಡದು ಎದ್ದು ನಿಂತು, ಪರದೆ ಮ್ಯಾಲಿನ ಹೀರೋಗ ಹೇಳಿದ್ಲು,

"ಗೊತ್ತಾತಲ್ಲಪಾ, ಬಿಡು ಇನ್ನ. ಮುಂಜಾನಿಂದ ಏನೂ ತಿಂದಿಲ್ಲ ಅಂವ."